ಅಜ್ಜಿಯ ಪಟ್ಟದ ಗೊಂಬೆಗೆ ಹೊಸ ಬಣ್ಣ ಹೊಡೆಸೋದಾ, ಹಾಗೇ ಬಿಡೋದಾ?

ಅಗ್ರಹಾರದ ಮೊಮ್ಮಗಳು
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಓದಿ ಪ್ಲೀಸ್. ನಮ್ಮನೆ ಮೈಸೂರು ಅಗ್ರಹಾರದಲ್ಲಿ. ಅಜ್ಜಿಗೆ ಈಗ 86. ಮದುವೆಯಾಗಿ ಈ ಮನೆಗೆ ಬಂದಾಗಿಂದ ಸೂತಕದ ವರ್ಷ ಬಿಟ್ರೆ ಒಂದು ದಸರಾನೂ ತಪ್ಪಿಸದೆ ಗೊಂಬೆ ಕೂರಿಸಿದಾರೆ. ಈ ಸಲ "ಕೈ ನಡುಗತ್ತೆ ಪುಟ್ಟಿ, ನೀನೇ ಇಳಿಸು ನೀನೇ ಜೋಡಿಸು" ಅಂದ್ಬಿಟ್ರು. ಅವ್ರು ಹಾಗಂದಿದ್ದು ಕೇಳಿ ನಂಗೆ ಎರಡು ದಿನ ಮನಸ್ಸೇ ಸರಿಯಿರ್ಲಿಲ್ಲ.

ನಿನ್ನೆ ಅಟ್ಟದಿಂದ ಟ್ರಂಕ್ ಇಳಿಸಿದ್ವಿ. ಎಲ್ಲಾ ತಾತನ ಹಳೇ ಪಂಚೆ ತುಂಡಲ್ಲಿ ಸುತ್ತಿಟ್ಟಿದಾರೆ. ಅಜ್ಜಿ ಹಾಕಿದ ಮಣಿ ತೋರಣ, ಬೆಂಕಿಪೊಟ್ಟಣದಲ್ಲಿ ಮಾಡಿದ ಪುಟಾಣಿ ಸೋಫಾ ಸೆಟ್ಟು, ಮಣ್ಣಿನ ಶೆಟ್ಟಿ ಶೆಟ್ಟಿಗಿತ್ತಿ, ಅವರ ಅಂಗಡಿಗೆ ಇಡೋ ಬೆರಳುಗಾತ್ರದ ಮೂಟೆಗಳು, ಎಲ್ಲಾ ಚೆನ್ನಾಗೇ ಇದೆ. ಆದ್ರೆ ಪಟ್ಟದ ಗೊಂಬೆ ರಾಜ ರಾಣಿ ಇದೆಯಲ್ಲ, ಅದು ಅಜ್ಜಿ ತವರಿಂದ ಮದ್ವೇಲಿ ಕೊಟ್ಟಿದ್ದು, ಮರದ್ದು, ಮುಖದ ಬಣ್ಣ ಹೋಗಿದೆ, ರಾಣಿ ಮೂಗು ಸವೆದಿದೆ, ಬಟ್ಟೆ ಜರಿ ಕಪ್ಪಾಗಿದೆ. ನಮ್ಮ ಸೋದರತ್ತೆ ಹೇಳ್ತಾರೆ ಪೇಂಟರ್ ಹತ್ರ ಕೊಟ್ಟು ಫ್ರೆಶ್ ಆಗಿ ಬಣ್ಣ ಹೊಡೆಸಿ, ರೆಡಿಮೇಡ್ ಡ್ರೆಸ್ ಹಾಕ್ಸೋಣ ಅಂತ. ಅಮ್ಮ ಬೇಡ್ವೇ ಬೇಡ ಅಂತಾರೆ. ಅಜ್ಜೀನ ಕೇಳಿದ್ರೆ "ನೀವೇ ಮಾತಾಡ್ಕೊಳಿ" ಅಂತ ಸುಮ್ನಾಗ್ತಾರೆ.

ಇನ್ನೊಂದು ವಿಷ್ಯ. ಅತ್ತೆ ಮಗಳ ಮದುವೆ ಮಾಘಮಾಸದಲ್ಲಿ. ಪಟ್ಟದ ಗೊಂಬೆ ಹೆಣ್ಣುಮಕ್ಕಳ ಕಡೆಗೇ ಹೋಗ್ಬೇಕು, ಸೊಸೆ ಮನೇಲಿ ಉಳೀಬಾರ್ದು, ಅದಕ್ಕೆ ಮದ್ವೇಲಿ ಅವಳಿಗೆ ಕೊಡಿ ಅಂತಾನೂ ಅತ್ತೆ ಹೇಳ್ತಿದಾರೆ. ಇದು ನಿಜಾನಾ? ಪಾಡ್ಯಕ್ಕೆ ಇನ್ನು 11 ದಿನ ಇದೆ, ಗೊತ್ತಿರೋರು ಹೇಳಿ.

ಚಾಮುಂಡಿಪುರಂ ಟೀಚರ್
ಬಣ್ಣ ಹೊಡೆಸ್ಬೇಡಿ. ದಯವಿಟ್ಟು.

ನಾವು ಆ ತಪ್ಪು ಮಾಡಿದೀವಿ. ನಮ್ಮತ್ತೆಯವರ ರಾಜ ರಾಣಿನ ಒಬ್ಬರ ಹತ್ರ ಕೊಟ್ಟಿದ್ವಿ, ಅವ್ರು ಕಬ್ಬಿಣದ ಗೇಟಿಗೆ ಹೊಡೆಯೋ ಎನಾಮಲ್ ಪೇಂಟೇ ಹೊಡೆದು ಕೊಟ್ರು. ಮಿರಮಿರ ಮಿಂಚ್ತಿತ್ತು. ನಮ್ಮತ್ತೆ ಕೈಗೆ ತಗೊಂಡು ನೋಡಿ "ಇದ್ಯಾರಮ್ಮ?" ಅಂದ್ರು. ಅಷ್ಟೇ ಅಂದಿದ್ದು. ಆಮೇಲೆ ಅವ್ರು ಇದ್ದ ನಾಲ್ಕು ವರ್ಷಾನೂ ಆ ಗೊಂಬೆಗೆ ಅಲಂಕಾರ ಮಾಡೋಕೆ ಕೈ ಹಾಕ್ಲಿಲ್ಲ, ನನಗೇ ಬಿಟ್ರು. ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಚುರುಕ್ ಅನ್ನತ್ತೆ.

ಸಯ್ಯಾಜಿರಾವ್ ರೋಡ್
ನಾನು ಒಪ್ಪಲ್ಲ ಟೀಚರ್. ಅದು ಮ್ಯೂಸಿಯಂ ವಸ್ತು ಅಲ್ಲ, ಒಂಬತ್ತು ದಿನ ಆರತಿ ಮಾಡೋ ಗೊಂಬೆ. ಕಣ್ಣು ಮೂಗು ಕಾಣ್ದಿದ್ರೆ ಹೇಗೆ ಇಡ್ತೀರಿ? ಹಿಂದಿನ ಕಾಲದಲ್ಲೂ ಬಣ್ಣ ಹೋದ್ರೆ ಹಾಕ್ತಾನೇ ಇದ್ರು, ದೇವಸ್ಥಾನದ ಉತ್ಸವದ ಮರದ ವಾಹನಗಳಿಗೂ ಹಾಕ್ತಾರೆ. ಹಾಕೋರು ಯಾರು, ಯಾವ ಬಣ್ಣ ಅನ್ನೋದು ಮುಖ್ಯ.

ಚಾಮುಂಡಿಪುರಂ ಟೀಚರ್
ಹಾಗಾದ್ರೆ ಕಣ್ಣು ಹುಬ್ಬು ಮಾತ್ರ ತಿದ್ದಿಸ್ಲಿ. ಇಡೀ ಗೊಂಬೆಗೆ ಹೊಡೆಯೋದು ಬೇಡ.

ಮಂಡ್ಯ ಹೈದ
ನಮ್ ಕಡೆ ಹಳ್ಳೀಲಿ ಗೊಂಬೆ ಕೂರ್ಸೋದು ಇಲ್ಲ ಕನಕ್ಕ, ನಮ್ದು ಕೆಆರ್ ಪೇಟೆ ತಾಲ್ಲೂಕು. ಆದ್ರೆ ಅಜ್ಜಿ ಮಾಡಿದ್ ಸಾಮಾನು ಅಂದೇಟ್ಗೆ ನಂಗೆ ನೆಪ್ಪಾಯ್ತು. ನಮ್ಮಜ್ಜಿ ಹಳೇ ಪೇಪರ್‌ನೆಲ್ಲಾ ಹರ್ದು ನೀರಲ್ಲಿ ಮೂರ್ನಾಕು ದಿನ ನೆನೆ ಹಾಕದು, ಅದ್ಕೆ ನೆನೆಸಿದ್ ಮೆಂತ್ಯ ಸೇರ್ಸಿ ಒರಳಲ್ಲಿ ರುಬ್ಬಿ, ಬಿಂದ್ಗೆ ಬೋರಲಾಕಿ ಅದರ ಮ್ಯಾಲೆ ಮೆತ್ತಿ ಬಿಸ್ಲಲ್ಲಿ ಒಣಗ್ಸದು. ಒಣಗಿದ್ ಮ್ಯಾಲೆ ಕಿತ್ರೆ ಪುಟ್ಟಿ. ರಾಗಿ ಹಿಟ್ಟು, ಹುಳ್ಳಿಕಾಳು ಎಲ್ಲಾನೂ ಅದ್ರಲ್ಲೇ. ಮೆಂತ್ಯದ ಕಹಿಗೆ ಹುಳ ಹತ್ತಾಕಿಲ್ಲ. ಈಗ್ಲೂ ಒಂದು ಪುಟ್ಟಿ ಅದೆ ನಮ್ಮನೇಲಿ, ಅಜ್ಜಿ ಹೋಗಿ 19 ವರ್ಸ ಆಯ್ತು, ಮೂಸಿದ್ರೆ ಇನ್ನೂವೆ ಮೆಂತ್ಯದ ವಾಸ್ನೆ ಬತ್ತದೆ.

ನಿಮ್ಮ ಗೊಂಬೆಗೆ ಬಣ್ಣ ಬ್ಯಾಡಿ ಅನ್ನದು ನನ್ ಓಟು.

ಅಗ್ರಹಾರದ ಮೊಮ್ಮಗಳು
ಅಯ್ಯೋ ನಮ್ಮ ಟ್ರಂಕಲ್ಲೂ ಅದೇ ಥರ ಎರಡು ತಟ್ಟೆ ಇದೆ ಅಣ್ಣ! ಮೆಂತ್ಯ ಹಾಕ್ತಾರೆ ಅಂತ ಗೊತ್ತೇ ಇರ್ಲಿಲ್ಲ, ಈಗ ಹೋಗಿ ಮೂಸಿ ನೋಡಿದೆ. ಹೌದು.

ಕುವೆಂಪುನಗರ ಕೆ ಬ್ಲಾಕ್
ಮದುವೆ ವಿಷ್ಯಕ್ಕೆ ಬರ್ತೀನಿ. ನನಗೆ ಗೊತ್ತಿರೋ ಪ್ರಕಾರ ಪದ್ಧತಿ ಏನು ಅಂದ್ರೆ ಮಗಳ ಮದ್ವೇಲಿ ತವರಿನವರು ಒಂದು *ಹೊಸ* ಜೋಡಿ ಕೊಡ್ತಾರೆ. ಅಜ್ಜಿದನ್ನ ಎತ್ತಿ ಕೊಡೋದಲ್ಲ. ಅಜ್ಜಿ ಗೊಂಬೆ ಅಜ್ಜಿ ಇರೋ ಮನೇಲೇ ಇರ್ಬೇಕು. ನಿಮ್ಮ ಅತ್ತೆಗೂ ಅವರ ಮದ್ವೇಲಿ ಒಂದು ಜೋಡಿ ಕೊಟ್ಟಿರ್ಬೇಕಲ್ಲ, ಅದೆಲ್ಲಿ ಹೋಯ್ತು?

ಅಗ್ರಹಾರದ ಮೊಮ್ಮಗಳು
ಕೊಟ್ಟಿದ್ರಂತೆ. ಅವರ ಟ್ರಾನ್ಸ್‌ಫರ್‌ಗಳಲ್ಲಿ ಯಾವುದೋ ಊರಲ್ಲಿ ಮನೆ ಖಾಲಿ ಮಾಡುವಾಗ ಒಂದು ಡಬ್ಬ ಕಳೆದುಹೋಯ್ತಂತೆ, ಅದ್ರಲ್ಲಿತ್ತು. ಆ ವಿಷ್ಯ ಬಂದ್ರೆ ಅತ್ತೆ ಅತ್ತುಬಿಡ್ತಾರೆ ಅಂತ ಮನೇಲಿ ಯಾರೂ ಎತ್ತಲ್ಲ.

ಕುವೆಂಪುನಗರ ಕೆ ಬ್ಲಾಕ್
ಓ. ಹಾಗಾದ್ರೆ ಅವ್ರು ಕೇಳ್ತಿರೋದು ಬೇರೆ ಕಾರಣಕ್ಕೆ ಕಣಮ್ಮ. ನಾನು ಒರಟಾಗಿ ಬರೆದೆ, ಬೇಜಾರು ಮಾಡ್ಕೋಬೇಡಿ.

ಒಂಟಿಕೊಪ್ಪಲು
ನಮ್ಮನೇಲಿ ಅಣ್ಣ ಕೂರಿಸ್ತಾನೆ. ಅಮ್ಮ ಹೋದ್ಮೇಲೆ ನಾವಿಬ್ರೂ ಹೆಣ್ಮಕ್ಕಳು ಹೊರದೇಶದಲ್ಲಿ, ಅವನೇ ಪ್ರತಿ ವರ್ಷ ಏಳು ಮೆಟ್ಲು ಕಟ್ಟಿ ಕಳಶ ಇಟ್ಟು ಸಾಯಂಕಾಲ ಮಕ್ಕಳಿಗೆ ಬೊಂಬೆ ಬಾಗ್ನ ಕೊಟ್ಟು ವಿಜಯದಶಮಿ ರಾತ್ರಿ ರಾಜ ರಾಣಿನ ಮಲಗಿಸಿ ವಿಡಿಯೋ ಕಾಲಲ್ಲಿ ತೋರಿಸ್ತಾನೆ. ಹೆಣ್ಣಿನ ಕಡೆ ಗಂಡಿನ ಕಡೆ ಅಂತೇನಿಲ್ಲ, ಯಾರಿಗೆ ಶ್ರದ್ಧೆ ಇದೆಯೋ ಅವರ ಮನೆ.

ಸಯ್ಯಾಜಿರಾವ್ ರೋಡ್
ಮೆಟ್ಲು ಮಾತ್ರ ಬೆಸ ಸಂಖ್ಯೇಲೇ ಇರ್ಲಿ. 3, 5, 7, 9.

ಗೋಕುಲಂ ಬಾಡಿಗೆ ಮನೆ
ಜಾಗ ಇಲ್ದಿದ್ರೆ ಒಂದೇ ಮೆಟ್ಲೂ ಆಗತ್ತೆ, ಒಂದೂ ಬೆಸಾನೇ ಅಲ್ವಾ. ನಮ್ದು ಹತ್ತಡಿ ರೂಮು. ಟೀವಿ ಸ್ಟ್ಯಾಂಡ್ ಮೇಲೇ ಕೂರಿಸ್ತೀವಿ, ಅಕ್ಕಪಕ್ಕದ ಮಕ್ಕಳು "ಗೊಂಬೆ ಕೂರ್ಸಿದೀರಾ ಆಂಟಿ" ಅಂತ ಬಂದೇ ಬರ್ತವೆ.

ಮರಗೆಲಸದವ
ನಮ್ಮ ಮನೆಯೋರು ಮೂರು ತಲೆಮಾರಿಂದ ಬೀಟೆ ಮರದ ಇನ್‌ಲೇ ಕೆಲಸ ಮಾಡ್ತೀವಿ, ಮಂಡಿ ಮೊಹಲ್ಲಾ ಕಡೆ. ಹಳೇ ಮರದ ಸಾಮಾನು ದಿನಾ ಕೈಗೆ ಬರತ್ತೆ, ಅದಕ್ಕೆ ಹೇಳ್ತೀನಿ ಅಮ್ಮ, ಮೊದ್ಲು ಗಡಿಬಿಡಿ ಮಾಡ್ಬೇಡಿ. ಗೊಂಬೆನ ಬಿಳಿ ಪೇಪರ್ ಮೇಲೆ ಒಂದು ರಾತ್ರಿ ನಿಲ್ಲಿಸಿ. ಬೆಳಿಗ್ಗೆ ಪೇಪರ್ ಮೇಲೆ ಸಣ್ಣ ಹಿಟ್ಟಿನ ಥರ ಪುಡಿ ಬಿದ್ದಿದ್ರೆ ಒಳಗೆ ಹುಳ ಇನ್ನೂ ಕೆಲಸ ಮಾಡ್ತಿದೆ ಅಂತ ಅರ್ಥ, ಅದಕ್ಕೆ ಮೊದ್ಲು ಔಷಧ ಆಗ್ಬೇಕು, ಬಣ್ಣ ಆಮೇಲಿನ ಮಾತು. ಪುಡಿ ಇಲ್ಲ ಅಂದ್ರೆ ನೀರು ಸೋಕಿಸ್ಬೇಡಿ, ಒದ್ದೆ ಬಟ್ಟೆನೂ ಬೇಡ, ಮೆತ್ತನೆ ಒಣಗಿದ ಬ್ರಷ್ಷಲ್ಲಿ ಧೂಳು ಹೊಡೀರಿ ಸಾಕು. ಟ್ರಂಕಲ್ಲಿ ಚನ್ನಪಟ್ಟಣದ ಗೊಂಬೆ ಇದ್ರೆ ಅದಕ್ಕೆ ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸ್ಬೇಡಿ, ಅದರ ಹೊಳಪು ಅರಗಿಂದು. ಕಡೆಯೋ ಯಂತ್ರದಲ್ಲಿ ಗೊಂಬೆ ತಿರುಗುವಾಗ ಅರಗಿನ ಕಡ್ಡಿ ಒತ್ತಿ ಹಿಡಿದ್ರೆ ಆ ಬಿಸಿಗೆ ಕರಗಿ ಹತ್ಕೊಳ್ಳತ್ತೆ, ಸ್ಪಿರಿಟ್ ಸೋಕಿದ್ರೆ ಬಿಟ್ಕೊಳ್ಳತ್ತೆ.

ಮತ್ತೆ ಇಡುವಾಗ ಪ್ಲಾಸ್ಟಿಕ್ ಕವರ್ ಬೇಡ. ತೇವ ಒಳಗೇ ನಿಲ್ಲತ್ತೆ. ನಿಮ್ಮಜ್ಜಿ ಪಂಚೆ ಬಟ್ಟೇಲಿ ಸುತ್ತಿದಾರಲ್ಲ, ಅದೇ ಸರಿ.

ಒಂದು ಪ್ರಶ್ನೆ. ಗೊಂಬೆ ಬರೀ ಮರದ್ದಾ, ರಕ್ತಚಂದನದ್ದಾ? ಬಟ್ಟೆ ಕೆಳಗೆ ಬೆನ್ನ ಕಡೆ ಬಣ್ಣ ಇಲ್ಲದ ಜಾಗದಲ್ಲಿ ನೋಡಿ.

ಅಗ್ರಹಾರದ ಮೊಮ್ಮಗಳು
ಥ್ಯಾಂಕ್ಯೂ ಸರ್, ಇವತ್ತು ರಾತ್ರಿನೇ ಪೇಪರ್ ಮೇಲೆ ಇಡ್ತೀನಿ. ಬೆನ್ನು ನೋಡ್ಬೇಕು ಅಂದ್ರೆ ಬಟ್ಟೆ ಬಿಚ್ಬೇಕು, ಅಜ್ಜಿ ಬಟ್ಟೆನ ಗೊಂಬೆ ಮೇಲೇ ಹೊಲೆದುಬಿಟ್ಟಿದಾರೆ. ಈಗ ನೆನಪಾಯ್ತು, ನಾವು ಚಿಕ್ಕವರಿದ್ದಾಗ "ರಾಣಿ ವರ್ಷಾ ವರ್ಷಾ ದಪ್ಪ ಆಗ್ತಿದಾಳೆ ಅಜ್ಜಿ" ಅಂತಿದ್ವಿ. ಈಗ್ಲೂ ಹಿಡಿದ್ರೆ ಸೊಂಟ ಒಂಥರಾ ದಿಂಬಿನ ಹಾಗಿದೆ.

ಚಾಮುಂಡಿಪುರಂ ಟೀಚರ್
ಮೇಲೇ ಹೊಲೆದಿದಾರೆ ಅಂದ್ರೆ ಕೆಳಗೆ ಇನ್ನೊಂದು ಬಟ್ಟೆ ಇರ್ಬಹುದು ಕಣೇ! ಕತ್ತರಿ ಹಾಕ್ಬೇಡ. ಅಜ್ಜೀನ ಪಕ್ಕದಲ್ಲಿ ಕೂರಿಸ್ಕೊಂಡು ಒಂದೊಂದೇ ಹೊಲಿಗೆ ಬಿಚ್ಚು.

ಹೊಸ ಬಡಾವಣೆ ಹುಡುಗ
ಮೈಸೂರಲ್ಲಿ 1610ರಿಂದ ದಸರಾ ನಡೀತಿದೆ, ಅರಮನೇಲಿ ಗೊಂಬೆ ತೊಟ್ಟಿ ಇದೆ, ಅದನ್ನ ನೋಡಿ ಜನ ಮನೇಲೂ ಗೊಂಬೆ ಇಡೋಕೆ ಶುರು ಮಾಡಿದ್ದು. ಅಷ್ಟು ಹಳೇ ಸಂಪ್ರದಾಯ ನಮ್ದು.

ಗಂಜಾಂನವನು
1610ರಲ್ಲಿ ರಾಜ ಒಡೆಯರು ಶುರು ಮಾಡಿದ್ದು *ಶ್ರೀರಂಗಪಟ್ಟಣದಲ್ಲಿ* ಸ್ವಾಮಿ. ಮಂಡ್ಯ ಜಿಲ್ಲೆ. ಮೈಸೂರು ಮತ್ತೆ ರಾಜಧಾನಿ ಆಗಿದ್ದು 1799 ಆದ್ಮೇಲೆ. ಈಗ್ಲೂ ಕಿರಂಗೂರು ಬನ್ನಿಮಂಟಪದಿಂದ ನಮ್ಮ ದಸರಾ ಮೆರವಣಿಗೆ ಹೊರಡತ್ತೆ, ಒಂದ್ಸಲ ಬಂದು ನೋಡಿ. ನೀವು ಹೇಳೋ ಅರಮನೆ 1897ರಲ್ಲಿ ಹಳೇದು ಬೆಂಕಿಗೆ ಹೋದ್ಮೇಲೆ ಕಟ್ಟಿದ್ದು, ಮುಗಿದಿದ್ದು 1912ಕ್ಕೆ. ಆ ತೊಟ್ಟಿ ನೋಡಿ ಜನ ಕಲಿತ್ರು ಅಂದ್ರೆ ಅದಕ್ಕಿಂತ ಮುಂಚೆ ಮನೆಗಳಲ್ಲಿ ಇಟ್ಟೇ ಇರ್ಲಿಲ್ವಾ?

ಹೊಸ ಬಡಾವಣೆ ಹುಡುಗ
ಸರಿ ಸರ್, ಶ್ರೀರಂಗಪಟ್ಟಣ ಒಪ್ಕೊಂಡೆ. ತೊಟ್ಟಿ ವಿಷ್ಯ ನಮ್ಮ ತಾತ ಹೇಳಿದ್ದು, ಅದನ್ನೇ ಬರೆದೆ.

ವಿಜಯನಗರ 2ನೇ ಹಂತ
ನಮ್ಮಜ್ಜಿ ಕಸೂತಿ ಹಾಕಿದ ದಿಂಬಿನ ಕವರ್ ಇದೆ, ಮೂವತ್ತು ವರ್ಷ ಹಳೇದು, ಹೂವು ಗಿಳಿ ಎಲ್ಲಾ ಬಣ್ಣ ಹಾಗೇ ಇದೆ. ಅದನ್ನ ಫ್ರೇಮ್ ಹಾಕಿಸ್ಬಹುದಾ?

ಧಾರವಾಡದ ಸೊಸೆ
ಹೂವು ಗಿಳಿ ತುಂಬಿ ಹೊಲಿದಿದ್ರೆ ಅದು ಕಸೂತಿ ಆಗಂಗಿಲ್ರೀ, ಎಂಬ್ರಾಯ್ಡರಿ. ಕಸೂತಿ ನಮ್ಮ ಧಾರವಾಡ ಕಡೀದು, ಎಳಿ ಎಣಿಸಿ ಹಾಕೂದು. ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯ ಅಂತ ನಾಕು ಹೊಲಿಗಿ. ಗವಂತಿ, ಮುರ್ಗಿ ಒಳಗ ಗಂಟು ಇರಂಗಿಲ್ಲ, ಮುಂದ ಹ್ಯಾಂಗ ಕಾಣ್ತದೋ ಹಿಂದನೂ ಹಂಗ ಕಾಣ್ತದ. ನಾ ಮೈಸೂರಿಗೆ ಬಂದು 12 ವರ್ಷ ಆತು, ಇಲ್ಲಿ ಎಲ್ಲಾ ಸೂಜಿ ಕೆಲಸಕ್ಕೂ ಕಸೂತಿ ಅಂತಾರ, ಕೇಳಿದಾಗೆಲ್ಲಾ ತಿದ್ದೀನಿ. ಫ್ರೇಮ್ ಹಾಕಿಸ್ರಿ, ಆದ್ರ ಬಿಸಿಲು ಬೀಳೋ ಗ್ವಾಡಿಗೆ ಹಾಕಬ್ಯಾಡ್ರಿ.

ವಿಜಯನಗರ 2ನೇ ಹಂತ
ಇಲ್ಲಿ ಕನ್ನಡದಲ್ಲಿ ಎಂಬ್ರಾಯ್ಡರಿಗೆ ಕಸೂತಿ ಅಂತಾನೇ ಹೇಳೋದು ಅಕ್ಕ, ಸ್ಕೂಲಲ್ಲೂ ಹಾಗೇ ಕಲಿಸಿದ್ರು. ಆದ್ರೂ ಹಿಂದೆ ತಿರುಗಿಸಿ ನೋಡಿದೆ, ಗಂಟು ತುಂಬಾ ಇದೆ.

ಮಂಡ್ಯ ಹೈದ
ಪೇಟೆ ಮನೇಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡ್ತಾರಲ್ಲ ಅದು ಯಂಗೆ ಮಾಡದು ಯಾರಾದ್ರೂ ಯೋಳಿ. ನಮ್ ಕಡೆ ಸಂಕ್ರಾಂತಿ ಅಂದ್ರೆ ದನ ತೊಳ್ದು ಕೊಂಬಿಗೆ ಬಣ್ಣ ಬಳ್ದು ಕಿಚ್ಚು ಹಾಯ್ಸದೇ ದೊಡ್ಡದು. ನನ್ ಮಗ್ಳು ಸ್ಕೂಲಲ್ಲಿ ಯಾರೋ ಆನೆ ಅಚ್ಚು ಕೊಟ್ರು ಅಂತ ತಂದು, ತಿನ್ನದೆ ಮಡಿಕಂಡವ್ಳೆ.

ಒಂಟಿಕೊಪ್ಪಲು
ಅಣ್ಣ ಇದು ದೊಡ್ಡ ಕೆಲಸ, ಅಜ್ಜಿ ಇಲ್ದೆ ಮೊದಲ ಸಲ ಬರಲ್ಲ. ಮರದ ಅಚ್ಚನ್ನ ಹಿಂದಿನ ರಾತ್ರಿನೇ ನೀರಲ್ಲಿ ನೆನೆಹಾಕ್ಬೇಕು, ಇಲ್ದಿದ್ರೆ ಸಕ್ಕರೆ ಮರಕ್ಕೇ ಕಚ್ಕೊಳ್ಳತ್ತೆ. ಸಕ್ಕರೆಗೆ ನೀರು ಹಾಕಿ ಕುದಿಸಿ, ನಡುವೆ ಸ್ವಲ್ಪ ಹಾಲು ಹಾಕಿದ್ರೆ ಕೊಳೆಯೆಲ್ಲಾ ನೊರೆಯಾಗಿ ಮೇಲೆ ಬರತ್ತೆ, ಅದನ್ನ ತೆಗೆದು ಬಿಳೀ ಬಟ್ಟೇಲಿ ಸೋಸ್ಬೇಕು. ಎರಡು ಮೂರು ಸಲ ಹೀಗೆ. ಆಮೇಲೆ ಆ ಪಾಕನ ಒಂದೊಂದೇ ಸೌಟು ಪುಟ್ಟ ಬಾಣಲೆಗೆ ಹಾಕ್ಕೊಂಡು ನಾಲ್ಕು ಹನಿ ನಿಂಬೆರಸ ಬಿಟ್ಟು ಕುದಿಸಿ ಕೈಯಾಡಿಸ್ತಾ ಇದ್ರೆ ಬೆಳ್ಳಗೆ ತಿರುಗತ್ತೆ, ಆ ಕ್ಷಣ ಅಚ್ಚಿಗೆ ಹುಯ್ಯಬೇಕು. ಒಂದು ಗಳಿಗೆ ತಡ ಆದ್ರೆ ಬಾಣಲೇಲೇ ಗಟ್ಟಿ. ಆ ಕ್ಷಣ ಯಾವುದು ಅಂತ ನಮ್ಮಮ್ಮನಿಗೆ ಸೌಟಿನ ಶಬ್ದದಲ್ಲೇ ಗೊತ್ತಾಗ್ತಿತ್ತು. ನಂಗೆ ಇನ್ನೂ ಗೊತ್ತಾಗಲ್ಲ.

ಮಂಡ್ಯ ಹೈದ
ಸಕ್ಕರೆ ನಮ್ ಜಿಲ್ಲೇಲೇ ಮಾಡದು, ಮಂಡ್ಯ ಫ್ಯಾಕ್ಟರಿ 1933ರದ್ದು, ಅಚ್ಚು ಮಾತ್ರ ನೀವು ಮಾಡ್ತೀರಾ. ಅಚ್ಚಿನ ಮರ ಎಲ್ ಸಿಕ್ತದೆ?

ಕುವೆಂಪುನಗರ ಕೆ ಬ್ಲಾಕ್
ಧನುರ್ಮಾಸದಲ್ಲಿ ದೇವರಾಜ ಮಾರ್ಕೆಟ್ ಒಳಗೆ ಹೋಗಿ ವಿಚಾರಿಸಿ, ಪೂಜಾ ಸಾಮಾನಿನ ಸಾಲಲ್ಲಿ. ಎಳ್ಳುಬೆಲ್ಲದ ಕೊಬ್ಬರಿ ಹೆಚ್ಚೋಕೂ ಆಗ್ಲೇ ಶುರು ಮಾಡ್ಕೊಳಿ, ನಾಲ್ಕು ದಿನ ಬಿಸಿಲಲ್ಲಿ ಒಣಗಿದ್ರೇನೇ ಕಮಟು ಬರಲ್ಲ.

ಸಯ್ಯಾಜಿರಾವ್ ರೋಡ್
ದಸರಾ ಗೊಂಬೆ ಕೇಳಿದ್ರೆ ಸಂಕ್ರಾಂತಿಗೆ ಹೋಗ್ಬಿಟ್ರಿ ಎಲ್ಲಾ. ಆ ಹುಡುಗಿ ಗೊಂಬೆ ಏನಾಯ್ತು?

ಅಗ್ರಹಾರದ ಮೊಮ್ಮಗಳು
ಬಂದೆ ಬಂದೆ. ಎರಡು ದಿನ ಇಲ್ಲಿ ಬರೋಕಾಗ್ಲಿಲ್ಲ. ಮೊದಲ್ನೇದು, ಪೇಪರ್ ಮೇಲೆ ಪುಡಿ ಬೀಳ್ಲಿಲ್ಲ, ಹುಳ ಇಲ್ಲ.

ಟೀಚರ್ ಹೇಳಿದ ಹಾಗೆ ಅಜ್ಜೀನ ಪಕ್ಕದಲ್ಲಿ ಕೂರಿಸ್ಕೊಂಡು ಬ್ಲೇಡ್ ಇಲ್ದೆ ಸೂಜಿ ತುದೀಲೇ ಹೊಲಿಗೆ ಎತ್ತಿದೆ. ಕೆಳಗೆ ಇನ್ನೊಂದು ಸೀರೆ. ಅದರ ಕೆಳಗೆ ಇನ್ನೊಂದು. ರಾಣಿ ಮೇಲೆ ಒಟ್ಟು 9 ಪದರ ಇತ್ತು ಗೊತ್ತಾ! ರಾಜನ ಮೇಲೆ 6. ಅಜ್ಜಿ ಹಳೇದನ್ನ ಬಿಚ್ಚೇ ಇಲ್ಲ, ಮನೇಲಿ ಏನಾದ್ರೂ ವಿಶೇಷ ಆದ ವರ್ಷ ಅದರ ಬಟ್ಟೆ ತುಂಡು ಉಳಿಸಿ ಮೇಲೊಂದು ಹೊಲೀತಾ ಹೋಗಿದಾರೆ. ಮೇಲಿನದು ನನ್ನ ತಮ್ಮನ ಉಪನಯನದ ವರ್ಷದ್ದು. ಅದರ ಕೆಳಗೆ ಹಸಿರು ಮೈಸೂರು ಸಿಲ್ಕ್, ಅಮ್ಮ ಮದುವೆ ಸೀರೆ ಸೆರಗಿನ ತುದಿ. ಅಮ್ಮ ಅದನ್ನ ನೋಡಿ "ಸೆರಗು ಇಲಿ ಕಚ್ಚಿತು ಅಂದಿದ್ರಲ್ಲ ಅತ್ತೆ" ಅಂದ್ರು, ಅಜ್ಜಿ ನಗ್ತಾ ಕೂತಿದ್ರು. ನಮ್ಮ ಚಿಕ್ಕಪ್ಪ ಹುಟ್ಟಿದ ವರ್ಷದ್ದು ಚೀಟಿ ಬಟ್ಟೆ. ತಾತನಿಗೆ ಕೆಲಸ ಪರ್ಮನೆಂಟ್ ಆದ ವರ್ಷ ತಂದ ಪೇಟದ ಜರಿ ರಾಜನ ಮೇಲಿದೆ.

ಅತ್ತೆನೂ ಬಂದಿದ್ರು. ನಾಲ್ಕನೇ ಪದರ ಬಂದಾಗ ಅದು ಗುಲಾಬಿ ಬಣ್ಣದ ಲಂಗ. ಅತ್ತೆದು. ಅವ್ರು ಐದು ವರ್ಷದವರಿದ್ದಾಗ ಟೈಫಾಯ್ಡ್ ಆಗಿ ತಿಂಗಳುಗಟ್ಟಲೆ ಮಲಗಿದ್ರಂತೆ, ಎದ್ದು ಓಡಾಡಿದ ವರ್ಷದ ದಸರಾಕ್ಕೆ ರಾಣಿಗೆ ಅವರ ಲಂಗದಲ್ಲೇ ಸೀರೆ ಹೊಲೆದಿದ್ರಂತೆ. ಅತ್ತೆಗೆ ಅದು ಗೊತ್ತೇ ಇರ್ಲಿಲ್ಲ. ಆಮೇಲೆ ಬಣ್ಣದ ಮಾತು ಅವ್ರೂ ಎತ್ಲಿಲ್ಲ.

ಎಲ್ಲಕ್ಕಿಂತ ಒಳಗೆ ಬರೀ ಒಂದು ಚೌಕಳಿ ಟವಲ್ ತುಂಡು. ರೇಷ್ಮೆನೂ ಅಲ್ಲ. ಯಾಕಜ್ಜಿ ಅಂದ್ರೆ "ಮದುವೆಯಾದ ವರ್ಷ ನನ್ ಹತ್ರ ಕತ್ತರಿಸೋಕೆ ಅಂತ ಇದ್ದಿದ್ದು ಅದೊಂದೇ" ಅಂದ್ರು.

ಚಾಮುಂಡಿಪುರಂ ಟೀಚರ್
ನಾನು ಓದ್ತಾ ಅಳ್ತಿದೀನಿ. ಫೋಟೋ ತೆಗೆದು ಒಂದೊಂದು ಪದರಕ್ಕೂ ಅಜ್ಜಿ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡ್ಕೊಳ್ಳೇ ತಾಯಿ, ಇವತ್ತೇ.

ಮಂಡ್ಯ ಹೈದ
ಅಕ್ಕ ಯೇನ್ ಯೋಳ್ಬೇಕೋ ಗೊತ್ತಾಯ್ತಿಲ್ಲ. ಅಜ್ಜಿಗೆ ನಮ್ ನಮಸ್ಕಾರ ಯೋಳಿ.

ಮರಗೆಲಸದವ
ಅಮ್ಮ, ಆ ರೇಷ್ಮೆ ತುಂಡುಗಳನ್ನ ಮಡಿಚಿ ಇಡ್ಬೇಡಿ, ಮಡಿಕೆ ಇರೋ ಗೆರೇಲೇ ಸೀಳತ್ತೆ. ಹತ್ತಿ ಬಟ್ಟೆ ಸುತ್ತಿದ ಕೊಳವೆಗೆ ಸುರುಳಿ ಸುತ್ತಿಡಿ. ಕಪ್ಪಾದ ಜರಿ ಉಜ್ಬೇಡಿ, ಹಳೇ ಜರಿ ಒಳಗೆ ಬೆಳ್ಳಿ ಇರತ್ತೆ, ಅದಕ್ಕೇ ಕಪ್ಪಾಗೋದು, ಉಜ್ಜಿದ್ರೆ ಮೇಲಿನ ಚಿನ್ನದ ನೀರು ಹೋಗತ್ತೆ. ಬೆನ್ನು ನೋಡಿದ್ರಾ?

ಅಗ್ರಹಾರದ ಮೊಮ್ಮಗಳು
ನೋಡಿದೆ ಸರ್, ಕಡುಕೆಂಪು, ರಕ್ತಚಂದನಾನೇ ಅಂತ ಅಜ್ಜಿನೂ ಹೇಳಿದ್ರು, ಅವರಪ್ಪ ತಿರುಪತಿಗೆ ಹೋದಾಗ ತಂದಿದ್ದಂತೆ. ಚಿಕ್ಕ ಮಕ್ಕಳಿದ್ದಾಗ ಗೊಂಬೆ ಬುಡ ಕಲ್ಲಿಗೆ ತೇಯ್ದು ಗಾಯಕ್ಕೆ ಹಚ್ತಿದ್ರಂತೆ, ಬುಡ ಒಂದು ಕಡೆ ಸವೆದು ಓರೆಯಾಗಿದೆ.

ಸಯ್ಯಾಜಿರಾವ್ ರೋಡ್
ನಾನು ಮೊದ್ಲು ಬರೆದಿದ್ದು ವಾಪಸ್ ತಗೋತೀನಿ. ಬಣ್ಣ ಬೇಡ. ಕಣ್ಣು ಮಾತ್ರ, ಅದೂ ಅಜ್ಜಿ ಹೇಳಿದ್ರೆ.

ಒಂಟಿಕೊಪ್ಪಲು
ಮೈಸೂರಿನವರು ಯಾರಾದ್ರೂ ಹೊಸ ಪಟ್ಟದ ಗೊಂಬೆ ನೋಡ್ಬೇಕು ಅಂತಿದ್ರೆ ನಜರ್‌ಬಾದ್ ಕಡೆ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ದಸರಾಕ್ಕೆ ಮುಂಚೆ ಬೊಂಬೆ ಮನೆ ಪ್ರದರ್ಶನ ಮಾಡ್ತಾರೆ, ಬೇರೆ ಬೇರೆ ರಾಜ್ಯದ್ದೂ ಬಂದಿರತ್ತೆ. ಮದುವೆ ಹುಡುಗಿಗೆ ಅಲ್ಲಿ ಹುಡುಕಿ.

ಅಗ್ರಹಾರದ ಮೊಮ್ಮಗಳು
ಅತ್ತೆ ಮಗಳಿಗೆ ಏನು ಅಂತ ಅಜ್ಜಿನೇ ಹೇಳಿಬಿಟ್ರು. ಹೊಸ ಜೋಡಿ ತರೋದು, ಆದ್ರೆ ಆ ರಾಣಿಗೆ ಮೊದಲ ಸೀರೆ ನಾಲ್ಕನೇ ಪದರದ ಗುಲಾಬಿ ಲಂಗದ್ದು. ಅತ್ತೆ ಒಪ್ಪಿದ್ರು. ಉಳಿದ ಪದರಗಳನ್ನ ಒಳಗಿನಿಂದ ಅದೇ ಕ್ರಮದಲ್ಲಿ ವಾಪಸ್ ಹೊಲಿತಿದೀನಿ, ಅಜ್ಜಿ ಪಕ್ಕದಲ್ಲಿ ಕೂತು ಹೇಳ್ತಾರೆ. ಇವತ್ತಿಗೆ ಮೂರು ಮುಗೀತು. ಸೆರಗಿನ ನೆರಿಗೆ ನಾಲ್ಕು ಸಲ ಬಿಚ್ಚಿಸಿದ್ರು. ಎಲ್ಲದರ ಮೇಲೆ ಹೊಸ ಪದರಕ್ಕೆ ನನ್ನ ಯಾವುದಾದ್ರೂ ಬಟ್ಟೆ ಬೇಕಂತೆ. ಈ ವರ್ಷ ಏನ್ ವಿಶೇಷ ಅಜ್ಜಿ ಅಂದೆ. "ನೀನು ಹೊಲಿಯೋಕೆ ಕೂತ್ಯಲ್ಲ" ಅಂದ್ರು.

ಧಾರವಾಡದ ಸೊಸೆ
ದಾರ ಯಾವ್ದು ಹಾಕಾಕತ್ತೀರಿ? ಪಾಲಿಸ್ಟರ್ ದಾರ ಬ್ಯಾಡ್ರಿ, ಹಳೇ ರೇಷ್ಮಿ ಕೊಯ್ದುಬಿಡ್ತದ.

ಅಗ್ರಹಾರದ ಮೊಮ್ಮಗಳು
ಅಜ್ಜಿನೂ ಅದೇ ಹೇಳಿದ್ರು ಅಕ್ಕ, ಹಳೇ ಸೀರೆ ಅಂಚಿಂದ ಎಳೆ ಬಿಡಿಸಿ ಕೊಡ್ತಿದಾರೆ. ಕೈ ನಡುಗಿದ್ರೂ ಎಳೆ ಮಾತ್ರ ಒಂದೂ ತುಂಡಾಗ್ತಿಲ್ಲ. ಸೂಜಿಗೆ ಪೋಣಿಸೋದು ನನ್ನ ಕೆಲಸ.